ಒಂದೇ ಬರಹ, ನಾಲ್ಕು ಬಗೆಯ ಓದುಗರು: ಜಾಲತಾಣಕ್ಕೆ ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿ ಏನೇನು ನೋಡಿಕೊಳ್ಳಬೇಕು?

ಹಾಸುಹೊಕ್ಕು · ಸೋಮವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ಬಿ.ಎ. ಪತ್ರಿಕೋದ್ಯಮದ ನಿಯೋಜನೆಯೊಂದರ ಬಗ್ಗೆ ಸಲಹೆ ಬೇಕು. 8 ವಾರ ಒಂದೇ ವಿಷಯದ ಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರಕ್ಕೂ ಕನ್ನಡದಲ್ಲಿ ಬರೆಯಬೇಕು. ಕೊನೆಗೆ "ನನ್ನ ಓದುಗರು ಯಾರು, ಅವರಿಂದ ನನ್ನ ಬರವಣಿಗೆ ಹೇಗೆ ಬದಲಾಯಿತು" ಅಂತ 1500 ಪದಗಳ ಅವಲೋಕನ ಒಪ್ಪಿಸಬೇಕು. ವಿಷಯ: ಇಳಕಲ್ ಸೀರೆ.

ಕೇಳಬೇಕಾದ್ದು ಮೂರು. ಮನೆಯವರು, ಸಹಪಾಠಿಗಳು, ಮೇಷ್ಟ್ರು, ಗುರುತೇ ಇಲ್ಲದವರು ಎಲ್ಲ ಒಂದೇ ಕಡೆ ಓದುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯೋದು? ಆಡುಮಾತಿನಲ್ಲಿ ಬರೆಯೋದೋ, ಪುಸ್ತಕದ ಕನ್ನಡದಲ್ಲೋ? ಲೈಕು, ವೀಕ್ಷಣೆಗಳ ಲೆಕ್ಕ ಇಟ್ಟುಕೊಂಡು ಅವಲೋಕನದಲ್ಲಿ ಎಷ್ಟು ಹೇಳಬಹುದು?

ಮೊದಲ ಬರಹದ ಶುರು ಹೀಗಿದೆ: "ನಮ್ಮ ನಾಡಿನ ಹೆಮ್ಮೆಯ ಸಂಕೇತವಾಗಿರುವ ಇಳಕಲ್ ಸೀರೆಯು ತನ್ನದೇ ಆದ ವೈಶಿಷ್ಟ್ಯತೆಯಿಂದ ವಿಶ್ವದಾದ್ಯಂತ ಪ್ರಸಿದ್ಧಿ ಪಡೆದಿದೆ. ಕಸೂತಿಯಿಂದ ನೇಯ್ದ ಇದರ ಸೆರಗು ಅಧ್ಬುತವಾಗಿದ್ದು, ಇಂತಹ ಕಲೆಯನ್ನು ಉಳಿಸಿ ಬೆಳೆಸುವುದು ನಮ್ಮೆಲ್ಲರ ಕರ್ತವ್ಯ."

ಪುರವಣಿ ಮೇಜು · ಸೋಮವಾರ, ಸಂಜೆ 7:25

ಮೊದಲ ವಾಕ್ಯಕ್ಕೆ ಒಂದು ಪರೀಕ್ಷೆ ಇದೆ. "ಇಳಕಲ್ ಸೀರೆ" ತೆಗೆದು "ಚನ್ನಪಟ್ಟಣದ ಗೊಂಬೆ" ಹಾಕಿ ಓದಿ. ಆಮೇಲೆ "ಬಿದರಿ ಕಲೆ" ಹಾಕಿ. ಎರಡೂ ಸಲ ವಾಕ್ಯ ಸಲೀಸಾಗಿ ನಿಲ್ಲುತ್ತದೆ. ಹೀಗೆ ಯಾವ ಹೆಸರು ಕೂಡಿಸಿದರೂ ಹೊಂದುವ ವಾಕ್ಯವನ್ನು ಓದುಗ ಈಗಾಗಲೇ ನೂರು ಸಲ ಕಂಡಿರುತ್ತಾನೆ, ಬೆರಳು ತಾನಾಗಿ ಮುಂದಕ್ಕೆ ಸರಿಯುತ್ತದೆ.

ಎರಡನೇ ವಾಕ್ಯದಲ್ಲಿ ಇನ್ನೂ ದೊಡ್ಡ ತೊಂದರೆ ಇದೆ. ಕಸೂತಿಯನ್ನು ನೇಯುವುದಿಲ್ಲ. ಅದು ಸೂಜಿ-ದಾರದಿಂದ ಬಟ್ಟೆಯ ಮೇಲೆ ಎಳೆ ಎಣಿಸಿ ಹಾಕುವ ಹೊಲಿಗೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆ ಇವೆ. ಇಳಕಲ್ ಸೆರಗಿನ ಟೋಪ್ ತೆನಿ, ಅಂದರೆ ಗೋಪುರದಂಥ ಸಾಲು, ಹಾಗಲ್ಲ, ಅದು ಮಗ್ಗದಲ್ಲೇ ಮೂಡುವ ವಿನ್ಯಾಸ. ಇಳಕಲ್ ಸೀರೆಯ ಮೇಲೆ ಆಮೇಲೆ ಕಸೂತಿ ಹಾಕಿಸುವುದೂ ಉಂಟು, ಅದಕ್ಕೇ ಎರಡೂ ಕಲಸಿಹೋಗುತ್ತವೆ. ಬೆಂಗಳೂರಿನ ಸಹಪಾಠಿ ಈ ತಪ್ಪನ್ನು ಗಮನಿಸಲಿಕ್ಕಿಲ್ಲ, ಮಗ್ಗದ ಮನೆಯವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಅಲ್ಲಿಂದ ಮುಂದಿನದನ್ನು ನಂಬುವುದಿಲ್ಲ.

ಇಲ್ಲಿಯೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ಹಲವು ಬಗೆಯ ಓದುಗರು ಒಂದೇ ಕಡೆ ಸೇರುವ ಈ ಸ್ಥಿತಿಯನ್ನು ಆಲಿಸ್ ಮಾರ್ವಿಕ್ ಮತ್ತು ಡಾನಾ ಬಾಯ್ಡ್ ಎಂಬ ಸಂಶೋಧಕಿಯರು 2011ರ ಪ್ರಬಂಧದಲ್ಲಿ ಟ್ವಿಟರ್ ಬಳಕೆದಾರರನ್ನು ಇಟ್ಟುಕೊಂಡು ಚರ್ಚಿಸಿದ್ದಾರೆ. ಬರೆಯುವವರ ಕಲ್ಪನೆಯ ಓದುಗರೇ ಬೇರೆ, ನಿಜಕ್ಕೂ ಓದುವವರೇ ಬೇರೆ ಎಂಬುದು ಅಲ್ಲಿನ ಮುಖ್ಯ ವಿಚಾರಗಳಲ್ಲಿ ಒಂದು. ಅವಲೋಕನಕ್ಕೆ ಇದು ಒಳ್ಳೆಯ ಚೌಕಟ್ಟು.

ಬರೆಯುವ ಮೇಜಿನ ಮೇಲೆ ಮಾಡಬೇಕಾದ್ದು ಇಷ್ಟು: ವಿಷಯ ಚೆನ್ನಾಗಿ ಬಲ್ಲ ಒಬ್ಬ ಓದುಗ, ಏನೂ ಗೊತ್ತಿಲ್ಲದ ಒಬ್ಬ ಓದುಗ, ಇಬ್ಬರನ್ನು ಆರಿಸಿಕೊಳ್ಳಿ. ಬಲ್ಲವರು "ತಪ್ಪು" ಅನ್ನಬಾರದು, ಗೊತ್ತಿಲ್ಲದವರು "ಹಾಗಂದ್ರೇನು" ಅಂತ ನಿಲ್ಲಬಾರದು. ಕಸುಬಿನ ಪದವನ್ನು ಬಿಡಬೇಡಿ, ಆವರಣದಲ್ಲಿ ಅರ್ಥ ತುರುಕಲೂ ಬೇಡಿ. ವಾಕ್ಯವೇ ಅರ್ಥ ಹೇಳಲಿ. ಹೀಗೆ: "ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಉದ್ದಕ್ಕೆ ಹರಡಿದ ಈ ಎರಡು ಎಳೆಸಾಲುಗಳ ತುದಿಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಒಡಲೂ ಸೆರಗೂ ಒಂದೇ ಸೀರೆಯಾಗುವುದು." ಹಾಸು, ಕೊಂಡಿ ಎರಡೂ ಗೊತ್ತಾದವು, ನೇಕಾರರಿಗೆ ಬೇಸರವೂ ಆಗಲಿಲ್ಲ. ಈ ವಾಕ್ಯದಲ್ಲಿ ಗೊಂಬೆಯನ್ನೋ ಬಿದರಿಯನ್ನೋ ಕೂರಿಸಲು ಬರುವುದಿಲ್ಲ.

ಕಾಗುಣಿತ: "ವೈಶಿಷ್ಟ್ಯತೆ" ಇಲ್ಲ. ವೈಶಿಷ್ಟ್ಯ ಅಥವಾ ವಿಶಿಷ್ಟತೆ. "ಅಧ್ಬುತ" ಅಲ್ಲ, ಅದ್ಭುತ. ಅದೇ ಸಾಲಿಗೆ ಶುಭಾಶಯ, ಉಚ್ಚಾರ, ವಿದ್ಯಾರ್ಥಿ ಈ ಮೂರನ್ನೂ ಹಾಕಿ, ಜಾಲತಾಣದಲ್ಲಿ ದಿನವೂ ತಪ್ಪಾಗಿ ಕಾಣುವ ಪದಗಳು ಇವು.

ಬಯಲುಸೀಮೆ · ಸೋಮವಾರ, ರಾತ್ರಿ 8:02

ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ವಿಷಯಾನ ಇಳಕಲ್ಲಿಂದು, ಅಂದಮ್ಯಾಲೆ ಆ ಸೀಮಿ ಮಾತು ಬರಾಕಬೇಕು. ಆದ್ರ ಎಲ್ಲಾ ಕಡೆ ಅಲ್ಲ. ನೇಕಾರರು ಆಡಿದ ಮಾತು ಇದ್ರ ಅವರು ಆಡಿದಂಗ ಬರೀರಿ, ತಿದ್ದಬ್ಯಾಡ್ರಿ. "ಸೆರಗು ಹಚ್ಚೂದು" ಅಂದ್ರ ಅದನ್ನ "ಸೆರಗನ್ನು ಜೋಡಿಸುವುದು" ಮಾಡಬ್ಯಾಡ್ರಿ. ಅಳತಿ, ಹೆಸರು, ತಾರೀಖು, ದಾರಿ ಹೇಳೂ ಕಡೆ ಎಲ್ಲಾರಿಗೂ ತಿಳಿಯೋ ಕನ್ನಡದಾಗ ಬರೀರಿ. ಒಂದ ಬರಹದಾಗ ಎರಡೂ ಇರಬಹುದು. ಒಂದ ವಾಕ್ಯದಾಗ ಎರಡೂ ಕಲಸಿದ್ರ ಮಾತ್ರ ಓದೋರಿಗೆ ತೊಡಕು. "ಮಗ್ಗದಾಗ ಕುಳಿತುಕೊಂಡು ನೇಯುತ್ತಾರ" ಅಂತ ಬರದ್ರ ಅದು ಈ ಕಡೀದೂ ಅಲ್ಲ, ಆ ಕಡೀದೂ ಅಲ್ಲ.

ಇನ್ನೊಂದು. ಫೇಸ್‌ಬುಕ್ಕಿನಾಗ ಕನ್ನಡ ಬರದವರು ಅನುವಾದದ ಗುಂಡಿ ಒತ್ತಿ ಓದ್ತಾರ. ಯಂತ್ರಕ್ಕ "ಐತಿ", "ಬರಾಕತ್ತಾರ" ಅಂದ್ರ ಸರಿಯಾಗಿ ತಿಳಿಯೂದಿಲ್ಲ, ಅರ್ಥ ಎಲ್ಲಿಗೋ ಹೋಗಿಬಿಡ್ತೈತಿ. ಹೊರಗಿನವರೂ ಓದಬೇಕು ಅಂದ್ರ ಮೊದಲಿನ ಎರಡು ವಾಕ್ಯ ಸಣ್ಣೂವು, ಗ್ರಾಂಥಿಕ ಕ್ರಿಯಾಪದದ್ದು ಇರಲಿ. ಮಾತಿನ ಸೊಗಸು ಮುಂದ ಬರಲಿ.

ಅಕ್ಷರ ಜೋಡಣೆ · ಸೋಮವಾರ, ರಾತ್ರಿ 9:40

ಓದುಗರ ಬಗ್ಗೆ ಮಾತಾಡುವ ಮುಂಚೆ ಬರಹ ಅವರನ್ನು ಮುಟ್ಟುತ್ತದೋ ಇಲ್ಲವೋ ನೋಡಬೇಕು. ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ.

ಮೊದಲು ಉದ್ದ. ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪದ್ಧತಿಯಾದ ಯೂನಿಕೋಡ್‌ನಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಹಲಂತ ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕೇತ. "ವಿದ್ಯಾರ್ಥಿ" ಕಣ್ಣಿಗೆ 3 ಅಕ್ಷರ. ಎಣಿಸಿದರೆ 10 ಸಂಕೇತ. ಟ್ವಿಟರ್ ಅಂದರೆ ಈಗಿನ ಎಕ್ಸ್‌ನ 280ರ ಮಿತಿ ಲೆಕ್ಕಹಾಕುವುದು ಈ ಸಂಕೇತಗಳನ್ನು. ಪದಕ್ಕೆ 8 ಸಂಕೇತ, ಒಂದು ಖಾಲಿ ಜಾಗ ಅಂದುಕೊಂಡರೆ ಸುಮಾರು 30 ಪದ ಹಿಡಿಯುತ್ತದೆ. ಇನ್‌ಸ್ಟಾಗ್ರಾಂ ಚಿತ್ರದ ಕೆಳಗಿನ ಬರಹಕ್ಕೆ 2200, ಅಂದರೆ ಸುಮಾರು 240 ಪದ. ಅದರಲ್ಲಿ ಒತ್ತದೇ ಕಾಣುವುದು ಮೊದಲ 125ರಷ್ಟು ಮಾತ್ರ, ಅಂದರೆ ಹದಿಮೂರು ಹದಿನಾಲ್ಕು ಪದ. "ನಮ್ಮ ನಾಡಿನ ಹೆಮ್ಮೆಯ" ವಾಕ್ಯ ಒಂದೇ ಆ ಜಾಗದ ಬಹುಪಾಲನ್ನು ನುಂಗಿತು.

ಎರಡನೆಯದು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವ ಅಭ್ಯಾಸ ಬಹಳ ಕಡೆ ಇದೆ. "ಅಂಚು" ಮತ್ತು "ಅ೦ಚು" ನೋಡಲು ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿರುವುದು ಅಂಕಿ. ಹುಡುಕಿದವರಿಗೆ ಅದು ಸಿಗುವುದಿಲ್ಲ, ಹ್ಯಾಶ್‌ಟ್ಯಾಗ್ ಬೇರೆಯೇ ಆಗುತ್ತದೆ. ಪರೀಕ್ಷೆ ಸುಲಭ: ಬರೆದ ಪುಟದಲ್ಲಿ ಸೊನ್ನೆ ಅಂಕಿಯನ್ನು ಹುಡುಕಿ, ಪದದ ನಡುವೆ ಎಲ್ಲಿ ಸಿಕ್ಕರೂ ಬದಲಿಸಿ.

ಮೂರನೆಯದು ನುಡಿ, ಬರಹ ತಂತ್ರಾಂಶಗಳ ಹಳೇ ಕಡತಗಳು. ಡಿಟಿಪಿ ಅಂಗಡಿಯಿಂದಲೋ ವಿಭಾಗದ ಹಳೆಯ ಕಂಪ್ಯೂಟರ್‌ನಿಂದಲೋ ಬಂದ ಪಠ್ಯ ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನದಾಗಿದ್ದರೆ, ಫೇಸ್‌ಬುಕ್ಕಿಗೆ ಅಂಟಿಸಿದ ಕೂಡಲೇ ರೋಮನ್ ಅಕ್ಷರ, ಪೌಂಡ್ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ಅಲ್ಲಿಗೇ ಮುಗಿಯುವುದಿಲ್ಲ. ಅರ್ಕಾವತ್ತು ಜಾಗ ತಪ್ಪಿರಬಹುದು, ಉದ್ಧರಣ ಚಿಹ್ನೆ ಬೇರೇನೋ ಆಗಿರಬಹುದು. "ನೇಕಾರ" ಪದದ ದೀರ್ಘ ಒಂದೇ ಸಂಕೇತವಾಗಿ ಬರುವ ಬದಲು ಎತ್ವ ಬೇರೆ, ದೀರ್ಘದ ಗುರುತು ಬೇರೆ ಅಂತ ಬಿಡಿಬಿಡಿಯಾಗಿಯೂ ಬರಬಹುದು. ಕಣ್ಣಿಗೆ ವ್ಯತ್ಯಾಸ ಇಲ್ಲ, ಹುಡುಕಾಟ ತಪ್ಪುತ್ತದೆ. ಅನುಮಾನ ಬಂದರೆ ಪದದ ಕೊನೆಗೆ ಕರ್ಸರ್ ಇಟ್ಟು ಒಂದೊಂದೇ ಸಂಕೇತ ಅಳಿಸಿ ನೋಡಿ.

"ರ‍್ಯಾಂಕ್" ಮುಂತಾದ ಪದಗಳಿಗೆ ನಡುವೆ ಅಗೋಚರ ಜೋಡಕ ಬೇಕು, ಇಲ್ಲವಾದರೆ "ರ್ಯಾಂಕ್" ಅಂತ ಅರ್ಕಾವತ್ತಾಗುತ್ತದೆ. "ಫೇಸ್‌ಬುಕ್"ನಲ್ಲಿ ಒತ್ತು ಬೀಳದಂತೆ ಇನ್ನೊಂದು ಅಗೋಚರ ಸಂಕೇತ ಕೂತಿದೆ. "ಫೇಸ್ಬುಕ್" ಅಂತ ಹುಡುಕಿದರೆ ಹಲವು ಹುಡುಕುಪೆಟ್ಟಿಗೆಗಳಲ್ಲಿ ಅದು ಸಿಗದು. ಎರಡರಲ್ಲಿ ಒಂದನ್ನು ಆರಿಸಿ 8 ವಾರವೂ ಅದನ್ನೇ ಬಳಸಿ.

ಕೀಲಿಮಣೆ: ಫೋನಿನಲ್ಲಿ ಇಂಗ್ಲಿಷಿನಲ್ಲಿ ಒತ್ತಿ ಸಲಹೆ ಆರಿಸುವ ವಿಧಾನ ಬೇಗ ಅನಿಸುತ್ತದೆ, ಆದರೆ ಲ-ಳ, ಅಲ್ಪಪ್ರಾಣ-ಮಹಾಪ್ರಾಣ, "ಕೃ-ಕ್ರ" ತಪ್ಪುಗಳ ಮೂಲ ಬಹುಪಾಲು ಅದೇ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯಲ್ಲಿ ಒತ್ತಿದ್ದೇ ಮೂಡುತ್ತದೆ, ಊಹೆ ಇಲ್ಲ. ಹಲಂತಕ್ಕೆ ಎಫ್ ಕೀಲಿ ಅನ್ನುವುದೊಂದು ರೂಢಿಯಾದರೆ ಉಳಿದದ್ದು ತಾನಾಗಿ ಬರುತ್ತದೆ.

ಹಾಸುಹೊಕ್ಕು · ಸೋಮವಾರ, ರಾತ್ರಿ 10:15

ಕರಡಿನಲ್ಲಿ ಹುಡುಕಿದೆ ಸರ್, 11 ಕಡೆ ಸೊನ್ನೆ ಸಿಕ್ಕಿತು. ಒಂದು ಅನುಮಾನ: ಇನ್‌ಸ್ಟಾಗ್ರಾಂನಲ್ಲಿ ಬರಹವನ್ನು ಚಿತ್ರದ ಮೇಲೆಯೇ ಹಾಕಿದರೆ ಕಾಗುಣಿತ ಕೆಡುವ ಭಯ ಇಲ್ಲ ಅಲ್ಲವೇ?

ಅಕ್ಷರ ಜೋಡಣೆ · ಸೋಮವಾರ, ರಾತ್ರಿ 10:31

ಬೇರೆ ರೀತಿ ಕೆಡುತ್ತದೆ. ಹಳೆಯ ಆವೃತ್ತಿಯ ಫೋಟೋಶಾಪ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇರುವ ಪಠ್ಯ ಎಂಜಿನ್ ಆರಿಸದಿದ್ದರೆ ಒತ್ತಕ್ಷರ ಒಡೆದು, ಹಲಂತ ಹೊರಗೆ ನಿಲ್ಲುತ್ತದೆ. ಅಚ್ಚಿನ ಅಂಗಡಿಗಳು ಇನ್ನೂ ಆಸ್ಕಿ ಫಾಂಟ್ ಬಿಡದಿರಲು ಇದೂ ಒಂದು ಕಾರಣ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಮೂರೂ ಉಚಿತ, ಮೂರೂ ಯೂನಿಕೋಡ್. ಸಾಲುಗಳ ಅಂತರ ಅಕ್ಷರದ ಗಾತ್ರಕ್ಕೆ ಒಂದೂವರೆ ಪಟ್ಟು ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1080×1350 ಪಿಕ್ಸೆಲ್ ಚಿತ್ರಕ್ಕೆ 35-40 ಪದ ಸಾಕು.

ಕಿವಿಯಲ್ಲಿ ಓದು · ಮಂಗಳವಾರ, ಬೆಳಿಗ್ಗೆ 7:05

ಚಿತ್ರದೊಳಗೆ ಬರೆದದ್ದನ್ನು ಕುರುಡರು ಓದುವುದು ಹೇಗೆ, ಅದನ್ನೂ ಯೋಚಿಸಿ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕನ್ನಡ ದನಿಯಲ್ಲಿ ಪಠ್ಯವನ್ನು ಓದಿ ಹೇಳುತ್ತದೆ, ಚಿತ್ರದೊಳಗಿನ ಕನ್ನಡವನ್ನು ನೆಚ್ಚುವ ಹಾಗಿಲ್ಲ. ಚಿತ್ರದ ಮೇಲಿನ ಮಾತನ್ನು ಕೆಳಗೆ ಪಠ್ಯವಾಗಿಯೂ ಹಾಕಿ. ಪೋಸ್ಟ್ ಮಾಡುವಾಗ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಚಿತ್ರದ ವಿವರಣೆ ತುಂಬಿ. "ಸುಂದರ ಸೀರೆ" ಅಂತ ಬರೆದರೆ ಏನೂ ತಿಳಿಯದು. "ಕೆಂಪು ಸೆರಗಿನ ಮೇಲೆ ಬಿಳಿ ಗೋಪುರದಂಥ ಸಾಲು, ಕಡುನೀಲಿ ಒಡಲು" ಅಂದರೆ ಕಂಡಂತಾಗುತ್ತದೆ. ಪ್ರತಿ ವಾಕ್ಯದ ಕೊನೆಗೆ ಐದೈದು ಇಮೋಜಿ ಬೇಡ, ಒಂದೊಂದರ ಹೆಸರನ್ನೂ ಅದು ಓದಿ ಹೇಳುತ್ತದೆ. ಮೇಲೆ ಹೇಳಿದ ಸೊನ್ನೆ ಇಲ್ಲಿಯೂ ಕಾಡುತ್ತದೆ, "ಅ, ಸೊನ್ನೆ, ಚು" ಅಂತ ಕೇಳಿಸಬಹುದು.

ಎಣಿಕೆ ಲೆಕ್ಕ · ಮಂಗಳವಾರ, ಬೆಳಿಗ್ಗೆ 9:20

ಮೂರನೇ ಪ್ರಶ್ನೆ ನನ್ನದು. ಮೂರು ಜಾಲತಾಣಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಿ ಹೋಲಿಸಬೇಡಿ, ಅವು ಒಂದೇ ವಸ್ತುವನ್ನು ಅಳೆಯುವುದಿಲ್ಲ. ವೀಕ್ಷಣೆ ಅಂದರೆ ಪರದೆಯ ಮೇಲೆ ಬಂದದ್ದು, ಒಬ್ಬರೇ ಮೂರು ಸಲ ನೋಡಿದರೆ ಮೂರಾಗಬಹುದು. ತಲುಪಿದ ಖಾತೆಗಳ ಸಂಖ್ಯೆಯೇ ಬೇರೆ. ಇನ್‌ಸ್ಟಾಗ್ರಾಂನಲ್ಲಿ ಈ ವಿವರ ಸಿಗಬೇಕಾದರೆ ಖಾತೆಯನ್ನು ವೃತ್ತಿಪರ ಖಾತೆಯಾಗಿ ಬದಲಿಸಿರಬೇಕು. ಮೊದಲ ವಾರವೇ ಮಾಡಿ, ಬದಲಿಸುವ ಮುಂಚಿನ ಪೋಸ್ಟ್‌ಗಳಿಗೆ ಅಂಕಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀವು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರು ಯಾರು ತೆರೆದರು ಅಂತ ಹೆಸರೇ ಸಿಗುತ್ತದೆ. ತೆರೆದವರೆಲ್ಲ ಓದಿದರು ಅನ್ನಲಾಗದು.

ಸರಾಸರಿಯ ಬಲೆಯೂ ಉಂಟು. ಏಳು ಪೋಸ್ಟ್‌ಗಳಿಗೆ ಬಂದ ಪ್ರತಿಕ್ರಿಯೆ 14, 18, 11, 22, 16, 310, 19 ಅಂದುಕೊಳ್ಳಿ. ಸರಾಸರಿ 58 ದಾಟುತ್ತದೆ. ಆದರೆ ಏಳರಲ್ಲಿ ಆರು ಪೋಸ್ಟ್ 22ನ್ನೂ ದಾಟಿಲ್ಲ. ಮಧ್ಯಾಂಕ 18, ಅದೇ ನಿಜವಾದ ಚಿತ್ರ. 310 ಬಂದ ಪೋಸ್ಟನ್ನು ಬೇರೆಯಾಗಿ ಇಟ್ಟು ಯಾಕೆ ಅಂತ ಹುಡುಕಿ: ದೊಡ್ಡ ಗುಂಪಿನಲ್ಲಿ ಯಾರಾದರೂ ಹಂಚಿದರೇ, ನವೆಂಬರ್ 1ಕ್ಕೆ ಹಾಕಿದ್ದೇ, ಚಿತ್ರದಲ್ಲಿ ಮನುಷ್ಯರ ಮುಖ ಇತ್ತೇ? ಒಂದೇ ಪೋಸ್ಟ್‌ನಿಂದ "ಓದುಗರಿಗೆ ಚಿಕ್ಕ ಬರಹ ಇಷ್ಟ" ಅಂತ ತೀರ್ಮಾನಿಸಿದರೆ ಮೇಷ್ಟ್ರು ಅಂಕ ಕಳೆಯಬೇಕಾಗುತ್ತದೆ.

ನನ್ನ ಮಟ್ಟಿಗೆ ಅವಲೋಕನಕ್ಕೆ ಅಂಕಿಗಿಂತ ಹೆಚ್ಚು ಒದಗುವುದು ಟಿಪ್ಪಣಿಗಳು. ಬಂದ ಪ್ರತಿಯೊಂದು ಮಾತನ್ನೂ ನಾಲ್ಕು ರಾಶಿ ಮಾಡಿ: ಬರೀ ಮೆಚ್ಚುಗೆ, ಪ್ರಶ್ನೆ, ತಿದ್ದುಪಡಿ, ಓದುಗರು ತಾವೇ ಕೂಡಿಸಿದ ಹೊಸ ಮಾಹಿತಿ. ಕೊನೆಯ ಎರಡು ರಾಶಿ ಬೆಳೆಯುತ್ತಿದ್ದರೆ ವಿಷಯ ಬಲ್ಲವರು ಬರಹವನ್ನು ನಂಬಿದ್ದಾರೆ ಅಂತ ಹೇಳಲು ಆಧಾರ ಸಿಕ್ಕಿತು. ಪ್ರಶ್ನೆಗಳೆಲ್ಲ ಒಂದೇ ಪದದ ಸುತ್ತ ಇದ್ದರೆ ಆ ಪದವನ್ನು ನೀವು ಬಿಡಿಸಿ ಹೇಳಿಲ್ಲ. ಪ್ರತಿ ಬರಹದ ಮೊದಲ ಕರಡನ್ನೂ ತಿದ್ದಿದ ಪ್ರತಿಯನ್ನೂ ತಾರೀಖು ಹಾಕಿ ಇಟ್ಟುಕೊಳ್ಳಿ. "ಓದುಗರಿಂದ ಬದಲಾಯಿತು" ಅನ್ನಲು ಬೇರೆ ಸಾಕ್ಷಿ ಇಲ್ಲ.

ಕರಡು ತಿದ್ದುವವ · ಮಂಗಳವಾರ, ಮಧ್ಯಾಹ್ನ 1:10

ಎಲ್ಲರೂ ಬಿಟ್ಟ ಒಂದು ಸಂಗತಿ ಇದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಕನ್ನಡದ ಬರಹ ಜಾಲತಾಣದಲ್ಲಿ ಹುಟ್ಟಿದ ಕಡೆ ನಿಲ್ಲುವುದಿಲ್ಲ. ಯಾರೋ ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಅಲ್ಲಿ ಮುಂದೆ ಹೋದ ಸಂದೇಶಕ್ಕೆ "ಫಾರ್ವರ್ಡೆಡ್" ಅನ್ನುವ ಗುರುತು ಅಂಟುತ್ತದೆಯೇ ಹೊರತು ಮೊದಲು ಬರೆದವರ ಹೆಸರಲ್ಲ. 2018ರಿಂದ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗಷ್ಟೇ, 2020ರಿಂದ ಹಲವು ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಮಿತಿ ಹಾಕಿದ್ದಾರೆ. ಆದರೆ ನಕಲು ಮಾಡಿ ಅಂಟಿಸಿದರೆ ಆ ಗುರುತೂ ಇಲ್ಲ, ಮಿತಿಯೂ ಇಲ್ಲ.

ಆದ್ದರಿಂದ ಬರಹ ಒಂಟಿಯಾಗಿ ಊರೂರು ತಿರುಗುತ್ತದೆ ಅಂತ ಭಾವಿಸಿಯೇ ಬರೆಯಿರಿ. ಹೆಸರು, ಊರು, ತಿಂಗಳು-ವರ್ಷ ಇವು ಬರಹದ ಒಳಗಿರಲಿ, ಖಾತೆಯ ಹೆಸರನ್ನು ನೆಚ್ಚಬೇಡಿ. "ಮೊನ್ನೆ", "ನಿನ್ನೆ", "ಈ ವಾರ" ಅಂತ ಬರೆದರೆ ಮೂರು ವರ್ಷದ ನಂತರವೂ ಅದು "ಮೊನ್ನೆ"ಯಾಗಿಯೇ ಸುತ್ತುತ್ತಿರುತ್ತದೆ. "ಕೆಳಗಿನ ಚಿತ್ರ ನೋಡಿ" ಅನ್ನಬೇಡಿ, ಚಿತ್ರ ಕಳಚಿಹೋಗಿರುತ್ತದೆ. ಬೆಲೆ ಹೇಳಿದರೆ ಯಾವ ವರ್ಷದ್ದು ಅಂತ ಅದೇ ವಾಕ್ಯದಲ್ಲಿ ಹೇಳಿ.

ಬಯಲುಸೀಮೆ · ಮಂಗಳವಾರ, ಮಧ್ಯಾಹ್ನ 1:48

ಪ್ರತಿ ಬರಹದ ಒಳಗ ತನ್ನ ಹೆಸರು ತಾನ ಹಾಕ್ಕೊಂಡ್ರ ಹೆಸರಿನ ಆಸೆ ಅಂದ್ಕೊಳ್ಳೂದಿಲ್ಲೇನ್ರಿ ಓದೋರು?

ಕರಡು ತಿದ್ದುವವ · ಮಂಗಳವಾರ, ಮಧ್ಯಾಹ್ನ 2:20

12ನೇ ಶತಮಾನದ ವಚನಗಳಲ್ಲಿ ಅಂಕಿತ ಇರುವುದನ್ನು ನೋಡಿ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕಮಹಾದೇವಿ. ಆ ಹೆಸರು ಅವರ ದೈವದ್ದು, ಹೆಸರಿನ ಆಸೆಯಿಂದ ಬಂದದ್ದಲ್ಲ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹೋಗುವ ಮಾತಿಗೆ ಅದು ಗುರುತಾಗಿಯೂ ಉಳಿಯಿತು. ಹರಿದಾಸರ ಪದಗಳಲ್ಲೂ ಅದೇ ಕ್ರಮ. ಮಾತಿಗೆ ಯಾರು ಹೊಣೆ ಅಂತ ಓದುಗರಿಗೆ ತಿಳಿಯಬೇಕು. ನೇಕಾರರ ಬಗ್ಗೆ ಒಂದು ತಪ್ಪು ಬರೆದರೆ ಅವರು ತಿದ್ದಲು ಯಾರನ್ನು ಕೇಳಬೇಕು?

ಅಂಕಿತ ಇದ್ದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. ಈಗಿನ ಮಾತಿಗೆ "ಕೂಡಲಸಂಗಮದೇವಾ" ಅಂತ ಬಾಲ ಅಂಟಿಸಿದ ನಕಲಿ ವಚನಗಳು ಬೇಕಾದಷ್ಟು ಓಡಾಡುತ್ತಿವೆ. ಬರಹದಲ್ಲಿ ವಚನ ಬಳಸುವುದಾದರೆ ಮೊದಲ ಸಾಲನ್ನು ವಚನ ಸಂಚಯ ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ರಾಜ್ಯ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ನೋಡಿ. ಎರಡರಲ್ಲೂ ಇಲ್ಲವಾದರೆ ಬಳಸಬೇಡಿ.

ಬೇರೆಯವರ ಕವಿತೆ ಹಾಕುವುದಾದರೆ ಕಾನೂನೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡರು, ಅವರು ಬರೆದದ್ದು ಈಗ ಮುಕ್ತ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, 2035ರ ಕೊನೆವರೆಗೆ ಹಕ್ಕು ಇದೆ. ಬೇಂದ್ರೆ 1981ರಲ್ಲಿ, ಅವರದು 2041ರವರೆಗೆ. ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸಿ ಹೆಸರು ಹೇಳುವುದಕ್ಕೆ ಅಡ್ಡಿಯಿಲ್ಲ. ಇಡೀ ಕವಿತೆಯನ್ನು ಚಿತ್ರದ ಮೇಲೆ ಅಂದವಾಗಿ ಜೋಡಿಸಿ ಹಾಕುವುದಕ್ಕೆ ಅನುಮತಿ ಬೇಕು. ವಿಕಿಮೀಡಿಯ ಕಾಮನ್ಸ್‌ನ ಚಿತ್ರವಾದರೂ ತೆಗೆದವರ ಹೆಸರು, ಪರವಾನಗಿಯ ಹೆಸರು ಬಹುಪಾಲು ಹಾಕಲೇಬೇಕು.

ಬಯಲುಸೀಮೆ · ಮಂಗಳವಾರ, ಮಧ್ಯಾಹ್ನ 2:41

ಒಪ್ಪಿದೆ. ಅಂಕಿತದ ಮಾತು ಬರೋಬ್ಬರಿ ಐತಿ.

ಹಂಗಾದ್ರ ಇದನ್ನೂ ಕೂಡಿಸ್ರಿ. ಮಗ್ಗದ ಮನ್ಯಾಗ ಫೋಟೋ ತಗೊಂಡ್ರ ಎಲ್ಲಿ ಹಾಕ್ತೀರಿ ಅಂತ ಮೊದಲ ಹೇಳಬೇಕು. "ಕಾಲೇಜಿನ ಕೆಲಸಕ್ಕ" ಅಂದು ತಗೊಂಡು ಸಾರ್ವಜನಿಕವಾಗಿ ಹಾಕೂದು ಸರಿಯಲ್ಲ. ಸಣ್ಣ ಹುಡುಗರ ಮುಖ ಬ್ಯಾಡ. ಟಿಪ್ಪಣಿ ಹಾಕಿದವರ ಸ್ಕ್ರೀನ್‌ಶಾಟ್ ವರದಿಗೆ ಹಚ್ಚೂದಾದ್ರ ಹೆಸರು, ಚಿತ್ರ ಅಳಿಸ್ರಿ. ಗುಂಪಿನಾಗ ಹೇಳಿದ್ದು ಗುಂಪಿಗೆ ಹೇಳಿದ್ದು, ಅದನ್ನ ಹೊರಗ ತರೂದಾದ್ರ ಕೇಳಿ ತರ್ರಿ.

ಹಾಸುಹೊಕ್ಕು · ಮಂಗಳವಾರ, ಸಂಜೆ 7:30

ಎಲ್ಲರ ಮಾತು ಹಿಡಿದು ಶುರುವನ್ನು ಮತ್ತೆ ಬರೆದಿದ್ದೇನೆ. ಮೊದಲ ವಾಕ್ಯ 125ರೊಳಗೆ ಇದೆ, ಎಣಿಸಿದ್ದೇನೆ.

"ಇಳಕಲ್ ಸೀರೆಯ ಒಡಲು ಒಂದು ಹಾಸು, ಸೆರಗು ಇನ್ನೊಂದು ಹಾಸು. ಒಡಲಿನ ಹತ್ತಿ ಎಳೆಗೂ ಸೆರಗಿನ ಕೆಂಪು ರೇಷ್ಮೆ ಎಳೆಗೂ ಮಗ್ಗದ ಮನೆಯಲ್ಲಿ ಒಂದೊಂದಾಗಿ ಕೊಂಡಿ ಹಾಕುತ್ತಾರೆ. ಆ ಕೊಂಡಿಯಾಚೆಗೆ ಕೆಂಪು ನೆಲದ ಮೇಲೆ ಬಿಳಿಯ ಟೋಪ್ ತೆನಿ ಮೂಡುತ್ತದೆ. ಅದು ನೇಯ್ಗೆಯಲ್ಲೇ ಬರುವ ವಿನ್ಯಾಸ, ಸೂಜಿಯ ಕೆಲಸ ಅಲ್ಲ."

ಕೊನೆಯಲ್ಲಿ ಹೆಸರು, ಊರು, ತಿಂಗಳು, ವರ್ಷ ಹಾಕುತ್ತೇನೆ. ಮುಂದಿನ ಬರಹ ಅಂಚುಗಳ ಬಗ್ಗೆ: ಚಿಕ್ಕಿ, ಗೋಮಿ, ಪರಾಸಪೇಟ, ಗಾಡಿ.

ಪುರವಣಿ ಮೇಜು · ಮಂಗಳವಾರ, ರಾತ್ರಿ 8:12

ಈಗ ಓದಿಸಿಕೊಂಡು ಹೋಗುತ್ತದೆ. ಒಂದು ತಿದ್ದುಪಡಿ: "ಒಡಲಿನ ಹತ್ತಿ ಎಳೆ" ಅಂದಾಗ ಎಲ್ಲ ಇಳಕಲ್ ಸೀರೆಗಳ ಒಡಲೂ ಹತ್ತಿಯದೇ ಅನ್ನುವ ಅರ್ಥ ಬರುತ್ತದೆ. ಒಡಲು ಪೂರ್ತಿ ರೇಷ್ಮೆಯದೂ ಇದೆ, ಹತ್ತಿ-ರೇಷ್ಮೆ ಬೆರೆತದ್ದೂ ಇದೆ, ಕೃತಕ ರೇಷ್ಮೆಯದೂ ಇದೆ. "ಒಡಲಿನ ಹಾಸು ಹತ್ತಿಯದಾಗಿದ್ದರೆ" ಅಂತ ಮಾಡಿ.

ಅಂಚುಗಳ ಬರಹಕ್ಕೆ ನಾಲ್ಕನ್ನೂ ಹತ್ತಿರದಿಂದ ತೆಗೆದ ಚಿತ್ರ ಬೇಕು. ಹೆಸರು ಕೇಳಿದವರಿಗೂ ಯಾವುದು ಯಾವುದು ಅಂತ ಗುರುತು ಸಿಗುವುದಿಲ್ಲ. ಹಾಕುವ ಮುಂಚೆ ಅದನ್ನು ನೇಯುವವರೊಬ್ಬರಿಗೆ ಫೋನ್ ಮಾಡಿ ಜೋರಾಗಿ ಓದಿ ಹೇಳಿ. ಅವರು ಎಲ್ಲಿ "ಹಂಗಲ್ಲ" ಅಂತ ತಡೆಯುತ್ತಾರೋ ಆ ಜಾಗವನ್ನು ಕರಡಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.